ವಿಯೆಟ್ನಾಂ ಯುದ್ಧ ಮತ್ತು ಲಿಂಡನ್ ಜಾನ್ಸನ್ ಅಧಿಕಾರದ ಪತನ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಅವಿಶ್ವಾಸ ಗೊತ್ತುವಳಿಯೇ ಇಲ್ಲ. ಹೀಗಿರುವಾಗ ಒಂದು ಯುದ್ಧ ಅಧ್ಯಕ್ಷರನ್ನು ಕೆಳಗಿಳಿಸುವುದು ಹೇಗೆ?

ನಮ್ಮಲ್ಲಿ ಲೋಕಸಭೆಯ ಬಹುಮತ ತಪ್ಪಿದರೆ ಪ್ರಧಾನಿ ರಾಜೀನಾಮೆ ಕೊಡಲೇಬೇಕು. ಅಮೆರಿಕದ ಅಧ್ಯಕ್ಷರ 4 ವರ್ಷದ ಅವಧಿಯನ್ನು ಸಂವಿಧಾನವೇ ನಿಗದಿಪಡಿಸಿದೆ. ವಾಗ್ದಂಡನೆ ಗಂಭೀರ ಅಪರಾಧಕ್ಕೆ ಇರುವ ಅಸ್ತ್ರವೇ ಹೊರತು ತಪ್ಪು ನೀತಿಗೆ ಅಲ್ಲ. ಆದ್ದರಿಂದ ಜನ ಒಪ್ಪದ ಯುದ್ಧ ಅಲ್ಲಿ ಅಧ್ಯಕ್ಷರನ್ನು ಒಂದೇ ಏಟಿಗೆ ಉರುಳಿಸುವುದಿಲ್ಲ. ಮೊದಲು ಅವರ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ, ಆಮೇಲೆ ಬೊಕ್ಕಸದ ಲೆಕ್ಕ ತಪ್ಪುತ್ತದೆ, ಕೊನೆಗೆ ಸ್ವಂತ ಪಕ್ಷದವರೇ ಎದುರು ನಿಲ್ಲುತ್ತಾರೆ. ಪಕ್ಷದ ಅಭ್ಯರ್ಥಿಯನ್ನು ಆರಿಸಲು ರಾಜ್ಯ ರಾಜ್ಯಗಳಲ್ಲಿ ನಡೆಯುವ ಪ್ರೈಮರಿ ಚುನಾವಣೆಗಳಲ್ಲಿ ಈ ಸಿಟ್ಟಿಗೆ ಮತದ ರೂಪ ಸಿಗುತ್ತದೆ. 1968ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ವಿಷಯದಲ್ಲಿ ಆದದ್ದು ಇದೇ, ಮತ್ತು ಈ ಕ್ರಮದಲ್ಲೇ.

ಜಾನ್ಸನ್ ಮೊದಲಿನಿಂದಲೂ ಜನಬೆಂಬಲವಿಲ್ಲದ ನಾಯಕರಾಗಿದ್ದರೇ?

ಖಂಡಿತ ಅಲ್ಲ. 1963ರ ನವೆಂಬರ್ 22ರಂದು ಜಾನ್ ಕೆನಡಿಯವರ ಹತ್ಯೆಯಾದ ದಿನ, ಡಲ್ಲಾಸ್‌ನಲ್ಲಿ ನಿಂತಿದ್ದ ವಿಮಾನದೊಳಗೆ ಪ್ರಮಾಣವಚನ ಸ್ವೀಕರಿಸಿದ ಜಾನ್ಸನ್, ಮರುವರ್ಷದ ಚುನಾವಣೆಯಲ್ಲಿ ಶೇ 61ರಷ್ಟು ಮತ ಪಡೆದು 44 ರಾಜ್ಯಗಳನ್ನು ಗೆದ್ದರು. ಕರಿಯರಿಗೆ ಸಾರ್ವಜನಿಕ ಸ್ಥಳಗಳನ್ನೂ ಉದ್ಯೋಗವನ್ನೂ ತೆರೆದ 1964ರ ನಾಗರಿಕ ಹಕ್ಕುಗಳ ಕಾಯ್ದೆ, ಮತಗಟ್ಟೆಯ ಬಾಗಿಲು ತೆರೆದ 1965ರ ಮತದಾನ ಹಕ್ಕು ಕಾಯ್ದೆ, ವೃದ್ಧರಿಗಾಗಿ ಮೆಡಿಕೇರ್, ಬಡವರಿಗಾಗಿ ಮೆಡಿಕೇಡ್ ಇವೆಲ್ಲವೂ ಎರಡು ವರ್ಷದೊಳಗೆ ಅವರ ಕೈಯಿಂದ ಆದ ಕೆಲಸಗಳು. 20ನೇ ಶತಮಾನದಲ್ಲಿ ಬಡವರ ಬದುಕಿಗಾಗಿ ಇಷ್ಟು ದುಡಿದ ಅಮೆರಿಕನ್ ಅಧ್ಯಕ್ಷರು ಹೆಚ್ಚೆಂದರೆ ಇಬ್ಬರು. ಈ ಕಥೆ ಓದುವಾಗ ಮನಸ್ಸಿಗೆ ನೋವಾಗುವುದು ಇದೇ ಕಾರಣಕ್ಕೆ. ಯುದ್ಧ ಬಲಿ ತೆಗೆದುಕೊಂಡದ್ದು ಕೆಲಸಕ್ಕೆ ಬಾರದ ಆಡಳಿತವನ್ನಲ್ಲ, ಅಪರೂಪದ ಒಂದು ಆಡಳಿತವನ್ನು.

ಟಾಂಕಿನ್ ಕೊಲ್ಲಿಯ ಘಟನೆಗೆ ಇಷ್ಟೊಂದು ಮಹತ್ವ ಏಕೆ?

ಯುದ್ಧದ ಅಧಿಕಾರಪತ್ರ ಹುಟ್ಟಿದ್ದೇ ಅಲ್ಲಿ. ಕಮ್ಯುನಿಸ್ಟರ ಉತ್ತರ ವಿಯೆಟ್ನಾಂ ವಿರುದ್ಧ ಅಮೆರಿಕ ದಕ್ಷಿಣ ವಿಯೆಟ್ನಾಂ ಸರ್ಕಾರದ ಬೆನ್ನಿಗೆ ನಿಂತಿತ್ತು. 1964ರ ಆಗಸ್ಟ್ 2ರಂದು ಉತ್ತರ ವಿಯೆಟ್ನಾಂ ಕರಾವಳಿಯ ಸಮೀಪ ಅಮೆರಿಕದ 'ಮ್ಯಾಡಕ್ಸ್' ನೌಕೆಯ ಮೇಲೆ ದೋಣಿಗಳಿಂದ ದಾಳಿಯಾಯಿತು. 4ರ ರಾತ್ರಿ ಇನ್ನೊಂದು ದಾಳಿ ನಡೆಯಿತೆಂದು ಸರ್ಕಾರ ಸಾರಿತು, ಆದರೆ ಆ ಎರಡನೆಯ ದಾಳಿ ನಡೆದೇ ಇರಲಿಲ್ಲ. ಕೆಟ್ಟ ಹವಾಮಾನದಲ್ಲಿ ರೇಡಾರ್ ಮತ್ತು ಸೋನಾರ್‌ಗಳು ಕೊಟ್ಟ ತಪ್ಪು ಸೂಚನೆಗಳನ್ನು ದಾಳಿಯೆಂದು ಬಗೆಯಲಾಗಿತ್ತು. ಸಂದೇಹಗಳು ಅದೇ ದಿನ ವಾಷಿಂಗ್ಟನ್ ತಲುಪಿದ್ದರೂ ಪ್ರತೀಕಾರದ ಬಾಂಬ್ ದಾಳಿ ನಿಲ್ಲಲಿಲ್ಲ. ಆಗಸ್ಟ್ 7ರಂದು ಅಧ್ಯಕ್ಷರಿಗೆ ಬೇಕಾದ ಎಲ್ಲ ಕ್ರಮಗಳ ಅಧಿಕಾರ ಕೊಡುವ ಗೊತ್ತುವಳಿ ಕೆಳಮನೆಯಲ್ಲಿ 416–0, ಸೆನೆಟ್‌ನಲ್ಲಿ 88–2 ಮತಗಳಿಂದ ಅಂಗೀಕಾರವಾಯಿತು. ವಿರೋಧಿಸಿದವರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್ ಇಬ್ಬರೇ. ಮುಂದೆ ಸತ್ಯ ಹೊರಬಿದ್ದಾಗ, ಅಂದು ಕಣ್ಣುಮುಚ್ಚಿ ಕೈಯೆತ್ತಿದ್ದ ಸೆನೆಟರ್‌ಗಳೇ ತಮಗೆ ಮೋಸವಾಯಿತೆಂದು ಜಾನ್ಸನ್ ವಿರುದ್ಧ ತಿರುಗಿ ನಿಂತರು. ಗೊತ್ತುವಳಿಯನ್ನು ಸದನದಲ್ಲಿ ಮುಂದೆ ನಿಂತು ನಡೆಸಿಕೊಟ್ಟಿದ್ದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ 1966ರ ಫೆಬ್ರವರಿಯಲ್ಲಿ ಟಿವಿಯ ಮುಂದೆಯೇ ಯುದ್ಧದ ವಿಚಾರಣೆ ನಡೆಸಿದರು.

ಈ ಯುದ್ಧವನ್ನು ಗೆಲ್ಲುತ್ತೇವೆಂದು ಜಾನ್ಸನ್ ನಂಬಿದ್ದರೇ?

ಇಡೀ ವಿಷಯದ ಒಳಗುಟ್ಟು ಈ ಪ್ರಶ್ನೆಯಲ್ಲಿದೆ. ಜಾನ್ಸನ್ ತಮ್ಮ ಫೋನ್ ಮಾತುಕತೆಗಳನ್ನು ಧ್ವನಿಮುದ್ರಿಸಿ ಇಡುತ್ತಿದ್ದರು, ಮತ್ತು ಅವು ದಶಕಗಳ ನಂತರ ಸಾರ್ವಜನಿಕರಿಗೆ ದೊರೆತವು. 1964ರ ಮೇ 27ರಂದು, ಅಂದರೆ ಟಾಂಕಿನ್ ಘಟನೆಗೆ ಎರಡು ತಿಂಗಳಿಗೂ ಮೊದಲು, ರಾಷ್ಟ್ರೀಯ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಅವರೊಡನೆ ಮಾತನಾಡುತ್ತಾ, ಇದು ಹೋರಾಡುವಷ್ಟು ಬೆಲೆಯ ಸಂಗತಿ ಎಂದು ತಮಗೆ ಅನ್ನಿಸುವುದಿಲ್ಲ, ಆದರೆ ಹೊರಬರಲೂ ಸಾಧ್ಯವಾಗುವಂತೆ ಕಾಣುವುದಿಲ್ಲ ಎಂದು ಅವರು ಹೇಳುತ್ತಾರೆ. ಅದೇ ಕರೆಯಲ್ಲಿ ತಮ್ಮ ಸೇವೆಯಲ್ಲಿದ್ದ ಸಾರ್ಜೆಂಟ್ ಒಬ್ಬರ ಮಾತು ಬರುತ್ತದೆ. ಆ ಬೆಳಿಗ್ಗೆ ಬಟ್ಟೆಬರೆ ಜೋಡಿಸಿಡುತ್ತಿದ್ದ ಅವರನ್ನು ನೋಡಿದೆ, ಅವರಿಗೆ ಆರು ಪುಟ್ಟ ಮಕ್ಕಳು, ಇಂಥವರನ್ನು ನಾನು ಯಾತಕ್ಕಾಗಿ ಅಲ್ಲಿಗೆ ಕಳಿಸಬೇಕು ಎಂದು ಅಧ್ಯಕ್ಷರು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಆ ಪ್ರಶ್ನೆಗೆ ಅವರಿಗೆ ಕೊನೆಯವರೆಗೂ ಉತ್ತರ ಸಿಗಲಿಲ್ಲ. ಆದರೂ ಮುಂದಿನ ನಾಲ್ಕು ವರ್ಷಗಳಲ್ಲಿ ಅವರು ಲಕ್ಷಾಂತರ ಸೈನಿಕರನ್ನು ಕಳಿಸಿದರು.

ಹಾಗಿದ್ದರೆ ಹಿಂದೆ ಸರಿಯಲಿಲ್ಲವೇಕೆ?

ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ ಎನ್ನುವ ಮಾತಿದೆಯಲ್ಲ, ಅವರ ಸ್ಥಿತಿ ಹಾಗಾಗಿತ್ತು. 1949ರಲ್ಲಿ ಚೀನಾ ಕಮ್ಯುನಿಸ್ಟರ ವಶವಾದಾಗ, 'ಚೀನಾವನ್ನು ಕಳೆದುಕೊಂಡವರು' ಎಂದು ಅಂದಿನ ಅಧ್ಯಕ್ಷ ಟ್ರೂಮನ್ ಅವರನ್ನು ಎದುರಾಳಿಗಳು ಹಣಿದದ್ದನ್ನು ಜಾನ್ಸನ್ ಸೆನೆಟ್‌ನಲ್ಲಿ ಕುಳಿತು ಕಣ್ಣಾರೆ ನೋಡಿದ್ದರು. ವಿಯೆಟ್ನಾಂ ಬಿಟ್ಟು ಬಂದರೆ ತಮ್ಮ ಬಡತನ ವಿರೋಧಿ ಯೋಜನೆಗಳನ್ನು ಸಂಸತ್ತು ಕೊಲ್ಲುತ್ತದೆ, ಬಹಿರಂಗವಾಗಿ ಯುದ್ಧಕ್ಕಿಳಿದರೂ ದುಡ್ಡೆಲ್ಲ ಅದಕ್ಕೇ ಹೋಗಿ ಆ ಯೋಜನೆಗಳು ಸಾಯುತ್ತವೆ ಎಂಬ ಭಯ ಅವರಿಗಿತ್ತು. ಹೀಗಾಗಿ ಯುದ್ಧ ಮಾಡಿಯೂ ಮಾಡದವರಂತೆ ತೋರಿಸಿಕೊಳ್ಳುವ ದಾರಿ ಹಿಡಿದರು. ನನ್ನ ಅಭಿಪ್ರಾಯದಲ್ಲಿ ಅವರ ಅಧಿಕಾರದ ಅಡಿಪಾಯ ಕುಸಿಯತೊಡಗಿದ್ದು ಅಂದೇ. 1968 ಅದರ ಫಲಿತಾಂಶ ಮಾತ್ರ.

ಮರೆಮಾಚಿದ್ದು ಏನನ್ನು?

1965ರ ಮಾರ್ಚ್ 8ರಂದು ಸುಮಾರು 3,500 ಮರೀನ್ ಸೈನಿಕರು ಡಾ ನಾಂಗ್ ಕಡಲತೀರದಲ್ಲಿ ಇಳಿದಾಗ, ಅವರ ಕೆಲಸ ವಿಮಾನನೆಲೆಯ ಕಾವಲು ಎಂದು ಹೇಳಲಾಗಿತ್ತು. ಏಪ್ರಿಲ್‌ನಲ್ಲಿ ಅವರಿಗೆ ಮುನ್ನುಗ್ಗಿ ಹೋರಾಡುವ ಅನುಮತಿ ಕೊಟ್ಟ ಆದೇಶಪತ್ರದಲ್ಲೇ, ಇದು ಪ್ರಚಾರವಾಗಬಾರದು, ಬದಲಾವಣೆ ಹಳೆಯ ನೀತಿಯ ಮುಂದುವರಿಕೆಯಂತೆ ಕಾಣಬೇಕು ಎಂಬ ಸೂಚನೆಯಿತ್ತು. ಜುಲೈ 28ರಂದು ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವ ತೀರ್ಮಾನವನ್ನು ಪ್ರಕಟಿಸಲು ಜಾನ್ಸನ್ ಆರಿಸಿಕೊಂಡದ್ದು, ಇಡೀ ದೇಶ ಟಿವಿ ನೋಡುವ ರಾತ್ರಿಯ ಹೊತ್ತನ್ನಲ್ಲ, ನಡುಹಗಲಿನ ಪತ್ರಿಕಾಗೋಷ್ಠಿಯನ್ನು. ಅದೇ ಗೋಷ್ಠಿಯಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ನೇಮಕವನ್ನೂ ಸೇರಿಸಿದರು. ನೀತಿ ಬದಲಾಗಿದೆಯೇ ಎಂದು ಕೇಳಿದ್ದಕ್ಕೆ ಎಳ್ಳಷ್ಟೂ ಇಲ್ಲ ಎಂದರು. ಆ ವರ್ಷಾಂತ್ಯಕ್ಕೆ ಅಲ್ಲಿದ್ದ ಸೈನಿಕರು ಸುಮಾರು 1,84,000. 1967ರ ಕೊನೆಗೆ 4,85,000. ಆಡಿದ ಮಾತಿಗೂ ಕಂಡ ಸತ್ಯಕ್ಕೂ ನಡುವಿನ ಈ ಅಂತರಕ್ಕೆ ಪತ್ರಕರ್ತರು 'ಕ್ರೆಡಿಬಿಲಿಟಿ ಗ್ಯಾಪ್' ಎಂದು ಹೆಸರಿಟ್ಟರು. ಅಧ್ಯಕ್ಷರು ಆಮೇಲೆ ನಿಜ ಹೇಳಿದಾಗಲೂ ನಂಬುವವರು ಕಡಿಮೆಯಾದರು.

ಯುದ್ಧಕ್ಕೆ ಹೋದವರು ಯಾರ ಮಕ್ಕಳು?

ಆಗ ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ ಜಾರಿಯಲ್ಲಿತ್ತು. 18 ತುಂಬಿದ ಹುಡುಗ ಹೆಸರು ನೋಂದಾಯಿಸಬೇಕಿತ್ತು, ಕರೆಪತ್ರ ಬಂದರೆ ಹೊರಡಬೇಕಿತ್ತು. ಮತ ಹಾಕಲು ಮಾತ್ರ ಬಹುತೇಕ ಎಲ್ಲ ರಾಜ್ಯಗಳಲ್ಲಿ 21 ತುಂಬಬೇಕಿತ್ತು. ಆ ವಯಸ್ಸು 18ಕ್ಕೆ ಇಳಿದದ್ದು 1971ರ ಸಂವಿಧಾನ ತಿದ್ದುಪಡಿಯಿಂದ. 1966ರ ಒಂದೇ ವರ್ಷದಲ್ಲಿ 3,80,000ಕ್ಕೂ ಹೆಚ್ಚು ಯುವಕರನ್ನು ಹೀಗೆ ಸೇನೆಗೆ ಸೇರಿಸಲಾಯಿತು. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ವಿನಾಯಿತಿ ಸಿಗುತ್ತಿದ್ದುದರಿಂದ, ಶುಲ್ಕ ಕಟ್ಟಲಾಗದ ಕಾರ್ಮಿಕರ, ರೈತರ, ಕರಿಯರ ಮನೆಗಳ ಮೇಲೆ ಭಾರ ಹೆಚ್ಚು ಬಿತ್ತು. ಮಗನಿಗೆ 17 ತುಂಬಿದ ಪ್ರತಿ ಮನೆಯಲ್ಲೂ ವಿದೇಶಾಂಗ ನೀತಿ ಊಟದ ಹೊತ್ತಿನ ಮಾತಾಯಿತು. ಯುದ್ಧ ಜನಪ್ರಿಯತೆ ಕಳೆದುಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಟಿವಿ ಪತ್ರಕರ್ತ ವಾಲ್ಟರ್ ಕ್ರಾಂಕೈಟ್ ಅವರೇ ಜಾನ್ಸನ್ ಅವರನ್ನು ಸೋಲಿಸಿದರು ಎನ್ನುತ್ತಾರೆ. ನಿಜವೇ?

ಕ್ರಾಂಕೈಟ್ 1968ರ ಫೆಬ್ರವರಿ 27ರಂದು, ಈ ಯುದ್ಧ ಗೆಲುವೂ ಇಲ್ಲದ ಸೋಲೂ ಇಲ್ಲದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ, ಮಾತುಕತೆಯೇ ದಾರಿ ಎಂದು ಹೇಳಿದ್ದು ನಿಜ. ಅದನ್ನು ನೋಡಿದ ಜಾನ್ಸನ್, ಕ್ರಾಂಕೈಟ್ ಕೈಬಿಟ್ಟರೆ ದೇಶವೇ ಕೈಬಿಟ್ಟಂತೆ ಎಂದು ಉದ್ಗರಿಸಿದರೆಂಬ ಕಥೆ ಬಹಳ ಕಡೆ ಸಿಗುತ್ತದೆ. ಆದರೆ ಕಾರ್ಯಕ್ರಮ ಪ್ರಸಾರವಾಗುತ್ತಿದ್ದಾಗ ಅಧ್ಯಕ್ಷರು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ರಾಜ್ಯಪಾಲ ಜಾನ್ ಕಾನಲಿಯವರ ಹುಟ್ಟುಹಬ್ಬದ ಕೂಟದಲ್ಲಿದ್ದರು. ಜನರ ಅಭಿಪ್ರಾಯ ಅದಕ್ಕಿಂತ ಮೊದಲೇ ಬದಲಾಗಿತ್ತು: ಸೇನೆ ಕಳಿಸಿದ್ದು ತಪ್ಪು ಎಂದವರು 1965ರ ಆಗಸ್ಟ್‌ನ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 24, 1967ರ ಅಕ್ಟೋಬರ್‌ನಲ್ಲಿ ಶೇ 47.

ಟಿವಿಯ ನಿಜವಾದ ಪಾತ್ರ ಇನ್ನೂ ಹಿಂದಿನದು. 1965ರ ಆಗಸ್ಟ್‌ನಲ್ಲಿ ಸಿಬಿಎಸ್ ಟಿವಿಯ ವರದಿಗಾರ ಮೋರ್ಲಿ ಸೇಫರ್, ಕಾಮ್ ನೆ ಎಂಬ ಹಳ್ಳಿಯಲ್ಲಿ ಮರೀನ್ ಸೈನಿಕನೊಬ್ಬ ಸಿಗರೇಟ್ ಲೈಟರ್‌ನಿಂದ ಗುಡಿಸಲಿನ ಹುಲ್ಲಿನ ಸೂರಿಗೆ ಬೆಂಕಿ ಹಚ್ಚುವುದನ್ನು ಚಿತ್ರೀಕರಿಸಿದರು. ಸೂರಿನ ಅಂಚಿಗೆ ಚಾಚಿದ ಕೈ, ಸಣ್ಣ ಜ್ವಾಲೆ, ಪಕ್ಕದಲ್ಲಿ ಅಳುತ್ತಾ ಬೇಡಿಕೊಳ್ಳುವ ಮುದುಕರು, ಹೆಂಗಸರು. ತಮ್ಮ ಸೇನೆ ಹಳ್ಳಿಗರನ್ನು ರಕ್ಷಿಸಲು ಹೋಗಿದೆ ಎಂದು ನಂಬಿದ್ದ ಪ್ರೇಕ್ಷಕರಿಗೆ ಆ ದೃಶ್ಯ ಯಾವ ಭಾಷಣದಿಂದಲೂ ಅಳಿಸಲಾಗದ ಗಾಯವಾಯಿತು.

ಹಣದ ಪಾತ್ರವೇನು?

ಬಂದೂಕು ಮತ್ತು ಬೆಣ್ಣೆ, ಅಂದರೆ ಯುದ್ಧದ ಖರ್ಚು ಮತ್ತು ಜನಕಲ್ಯಾಣ, ಎರಡನ್ನೂ ತೆರಿಗೆ ಏರಿಸದೆ ಕೊಡಬಹುದೆಂದು ಜಾನ್ಸನ್ ಭಾವಿಸಿದ್ದರು. ಬೆಲೆಗಳು ಏರಿದವು. 1967ರಲ್ಲಿ ಅವರು ಕೇಳಿದ ಶೇ 10ರ ಹೆಚ್ಚುವರಿ ಆದಾಯ ತೆರಿಗೆಯನ್ನು ಸಂಸತ್ತು ಒಪ್ಪಿದ್ದು 1968ರ ಜೂನ್‌ನಲ್ಲಿ, ಅದೂ ಸರ್ಕಾರಿ ಖರ್ಚಿನಲ್ಲಿ 600 ಕೋಟಿ ಡಾಲರ್ ಕಡಿತದ ಷರತ್ತಿನ ಮೇಲೆ. 1968ರ ಮಾರ್ಚ್‌ನಲ್ಲಿ ಡಾಲರ್ ಮೇಲಿನ ಭರವಸೆ ಕುಸಿದು ಲಂಡನ್ನಿನ ಚಿನ್ನದ ಮಾರುಕಟ್ಟೆಯನ್ನೇ ಮುಚ್ಚಬೇಕಾಯಿತು. ಯಾವ ಬಡವರಿಗಾಗಿ ಅವರು ಯುದ್ಧದ ಖರ್ಚನ್ನು ಮರೆಮಾಚಿದ್ದರೋ, ಕೊನೆಗೆ ಕತ್ತರಿ ಬಿದ್ದದ್ದು ಆ ಬಡವರ ಯೋಜನೆಗಳ ಮೇಲೂ.

ಟೆಟ್ ದಾಳಿಯಲ್ಲಿ ಸೋತವರು ಕಮ್ಯುನಿಸ್ಟರು. ಅದು ಜಾನ್ಸನ್ ಅವರ ಸೋಲಾದದ್ದು ಹೇಗೆ?

ಟೆಟ್ ಎಂದರೆ ವಿಯೆಟ್ನಾಂ ಜನರ ಚಾಂದ್ರಮಾನ ಹೊಸ ವರ್ಷ, ನಮ್ಮ ಯುಗಾದಿಯಂತೆ ಎಲ್ಲರೂ ಊರಿಗೆ ಮರಳುವ ಹಬ್ಬ. 1968ರ ಜನವರಿ ಕೊನೆಯಲ್ಲಿ, ಹಬ್ಬದ ಕದನವಿರಾಮದ ನಡುವೆಯೇ, ಉತ್ತರ ವಿಯೆಟ್ನಾಂ ಪಡೆಗಳು ಮತ್ತು ವಿಯೆಟ್ ಕಾಂಗ್ ಎಂಬ ದಕ್ಷಿಣದ ಕಮ್ಯುನಿಸ್ಟ್ ಗೆರಿಲ್ಲಾ ಪಡೆಗಳು 100ಕ್ಕೂ ಹೆಚ್ಚು ಊರು ಪಟ್ಟಣಗಳ ಮೇಲೆ ಏಕಕಾಲಕ್ಕೆ ಎರಗಿದವು. ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನ್‌ನಲ್ಲಿ 19 ಮಂದಿಯ ತಂಡವೊಂದು ಬೆಳಗಿನ ಜಾವ ಅಮೆರಿಕದ ರಾಯಭಾರ ಕಚೇರಿಯ ಗೋಡೆ ಸಿಡಿಸಿ ಒಳನುಗ್ಗಿತು. ಆವರಣವನ್ನು ಮರಳಿ ಪಡೆಯಲು ಸುಮಾರು ಆರು ಗಂಟೆ ಹಿಡಿಯಿತು. ಹ್ಯೂ ನಗರದಲ್ಲಿ ಬೀದಿ ಬೀದಿಯ ಕಾಳಗ ಸುಮಾರು ನಾಲ್ಕು ವಾರ ನಡೆಯಿತು.

ದಾಳಿ ಮಾಡಿದವರು ನಿರೀಕ್ಷಿಸಿದ ಜನದಂಗೆ ಏಳಲಿಲ್ಲ, ಹಿಡಿದ ಪಟ್ಟಣಗಳು ಉಳಿಯಲಿಲ್ಲ, ವಿಯೆಟ್ ಕಾಂಗ್‌ಗೆ ಅಪಾರ ಸಾವುನೋವಾಯಿತು. ಆದರೆ ಕೇವಲ ಎರಡು ತಿಂಗಳ ಹಿಂದೆ, 1967ರ ನವೆಂಬರ್‌ನಲ್ಲಿ, ಸೇನಾಧಿಪತಿ ವಿಲಿಯಂ ವೆಸ್ಟ್‌ಮೋರ್ಲ್ಯಾಂಡ್ ಅವರನ್ನು ವಾಷಿಂಗ್ಟನ್ನಿಗೆ ಕರೆಸಿ, ಯುದ್ಧದ ಕೊನೆ ಕಣ್ಣಿಗೆ ಕಾಣತೊಡಗಿದೆ ಎಂದು ಅವರ ಬಾಯಿಂದ ಹೇಳಿಸಲಾಗಿತ್ತು. ಆ ಮಾತನ್ನು ಕೇಳಿದ್ದ ಜನರೇ ಈಗ ರಾಯಭಾರ ಕಚೇರಿಯ ಹುಲ್ಲುಹಾಸಿನ ಮೇಲೆ ಬಿದ್ದ ಹೆಣಗಳನ್ನು ನೋಡಿದರು. ಸರ್ಕಾರ ವರ್ಷಗಟ್ಟಲೆ ನಿಜ ಹೇಳುತ್ತಾ ಬಂದಿದ್ದರೆ ಟೆಟ್ ಒಂದು ಗೆದ್ದ ಕಾಳಗವಾಗಿ ನೆನಪಿನಲ್ಲಿ ಉಳಿಯುತ್ತಿತ್ತೋ ಏನೋ.

ಇದರ ಬೆನ್ನಿಗೇ ಇನ್ನೂ 2,06,000 ಸೈನಿಕರು ಬೇಕೆಂಬ ಬೇಡಿಕೆ ಸೇನೆಯಿಂದ ಬಂತು, ಮತ್ತು ಮಾರ್ಚ್ 10ರಂದು ಅದು ಪತ್ರಿಕೆಯಲ್ಲಿ ಬಯಲಾಯಿತು. ಹೊಸ ರಕ್ಷಣಾ ಸಚಿವ ಕ್ಲಾರ್ಕ್ ಕ್ಲಿಫರ್ಡ್ ಸೇನಾ ಮುಖ್ಯಸ್ಥರನ್ನು ಕೂರಿಸಿಕೊಂಡು ಸರಳ ಪ್ರಶ್ನೆಗಳನ್ನು ಕೇಳಿದರು: ಇಷ್ಟು ಸೈನಿಕರು ಸಾಕೇ, ಎಷ್ಟು ಕಾಲ ಬೇಕು, ಗೆಲ್ಲುವ ಯೋಜನೆ ಏನು? ಯಾವುದಕ್ಕೂ ನೇರ ಉತ್ತರ ದೊರೆಯಲಿಲ್ಲ. ಯುದ್ಧದ ಬೆಂಬಲಿಗರಾಗಿ ಆ ಕುರ್ಚಿಗೆ ಬಂದಿದ್ದ ಕ್ಲಿಫರ್ಡ್ ಕೆಲವೇ ವಾರಗಳಲ್ಲಿ ಮನಸ್ಸು ಬದಲಿಸಿದರು. ಮಾರ್ಚ್ 26ರಂದು ಮಾಜಿ ವಿದೇಶಾಂಗ ಸಚಿವ ಡೀನ್ ಅಚೆಸನ್ ಮುಂತಾದ ಹಿರಿಯ ಸಲಹೆಗಾರರು, ನವೆಂಬರ್‌ನಲ್ಲಿ ಬೆನ್ನು ತಟ್ಟಿದ್ದವರೇ, ಹೊರಬರುವ ದಾರಿ ಹುಡುಕಿ ಎಂದು ಅಧ್ಯಕ್ಷರಿಗೆ ಹೇಳಿದರು.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗೆದ್ದವರು ಜಾನ್ಸನ್ ಅಲ್ಲವೇ?

ಹೌದು, ಲೆಕ್ಕದಲ್ಲಿ ಗೆದ್ದವರು ಅವರೇ. ಆ ರಾಜ್ಯದ ಮಾರ್ಚ್ 12ರ ಪ್ರೈಮರಿಯಲ್ಲಿ ಮತಪತ್ರದಲ್ಲಿ ಅವರ ಹೆಸರು ಮುದ್ರಣವಾಗಿರಲಿಲ್ಲ; ಬೆಂಬಲಿಗರು ಕೈಯಿಂದ ಬರೆದು ಸುಮಾರು ಶೇ 49 ಮತ ಕೊಟ್ಟರು. ಎದುರು ನಿಂತ ಸೆನೆಟರ್ ಯೂಜೀನ್ ಮೆಕಾರ್ಥಿ ಅವರಿಗೆ ಶೇ 42. ಅಧಿಕಾರದಲ್ಲಿರುವ ಅಧ್ಯಕ್ಷರ ವಿರುದ್ಧ ಅವರದೇ ಪಕ್ಷದ ಅಷ್ಟೇನೂ ಹೆಸರಿಲ್ಲದ ಸೆನೆಟರ್ ಇಷ್ಟು ಹತ್ತಿರ ಬಂದದ್ದೇ ಸೋಲಿಗೆ ಸಮನಾಯಿತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಮಾವೇಶಕ್ಕೆ ಹೋಗುವ 24 ಪ್ರತಿನಿಧಿಗಳಲ್ಲಿ 20 ಮಂದಿ ಮೆಕಾರ್ಥಿ ಪಾಲಾದರು. ಅವರ ಪರವಾಗಿ ಮನೆಮನೆ ಸುತ್ತಿದ ವಿದ್ಯಾರ್ಥಿಗಳು, ಸಣ್ಣ ಊರಿನ ಹಿರಿಯರು ಬಾಗಿಲು ಮುಚ್ಚಿಕೊಳ್ಳದಿರಲೆಂದು ಗಡ್ಡ ಬೋಳಿಸಿ ಕೂದಲು ಕತ್ತರಿಸಿಕೊಂಡು ಹೋಗಿದ್ದರು. ಆದರೆ ಮೆಕಾರ್ಥಿಗೆ ಮತ ಹಾಕಿದವರೆಲ್ಲ ಶಾಂತಿವಾದಿಗಳಲ್ಲ. ಯುದ್ಧವನ್ನು ಇನ್ನೂ ಬಿರುಸಾಗಿ ನಡೆಸಬೇಕಿತ್ತು ಎನ್ನುವವರೇ ಅವರಲ್ಲಿ ಹೆಚ್ಚಾಗಿದ್ದರು. ಇದನ್ನು ಗಮನಿಸದೆ ಹೋದರೆ ವಿಷಯ ಅರ್ಥವಾಗುವುದಿಲ್ಲ. ಗೆಲ್ಲಲೂ ಒಲ್ಲದ, ಬಿಡಲೂ ಒಲ್ಲದ ಅಧ್ಯಕ್ಷರ ಮೇಲೆ ಎರಡೂ ಕಡೆಯವರು ಮುನಿದಿದ್ದರು. ನಾಲ್ಕು ದಿನಗಳ ನಂತರ ಜಾನ್ ಕೆನಡಿಯವರ ತಮ್ಮ ರಾಬರ್ಟ್ ಕೆನಡಿಯವರೂ ಕಣಕ್ಕಿಳಿದರು.

ಮಾರ್ಚ್ 31ರಂದು ಏನಾಯಿತು?

ಅಂದು ಭಾನುವಾರ. ಬೆಳಿಗ್ಗೆ ಏಳರ ಹೊತ್ತಿಗೆ ಹಿರಿಯ ಮಗಳು ಲಿಂಡಾ ಕ್ಯಾಲಿಫೋರ್ನಿಯಾದಿಂದ ರಾತ್ರಿ ವಿಮಾನದಲ್ಲಿ ಶ್ವೇತಭವನಕ್ಕೆ ಬಂದಿಳಿದರು. ಅವರು ಗರ್ಭಿಣಿ; ಮರೀನ್ ಅಧಿಕಾರಿಯಾಗಿದ್ದ ಗಂಡ ಚಾರ್ಲ್ಸ್ ರಾಬ್ ಅವರನ್ನು ವಿಯೆಟ್ನಾಂಗೆ ಬೀಳ್ಕೊಟ್ಟು ಬಂದಿದ್ದರು. ಶ್ವೇತಭವನದ ಬೇಲಿಯಾಚೆ, ಇವತ್ತು ಎಷ್ಟು ಮಕ್ಕಳನ್ನು ಕೊಂದಿರಿ ಎಂದು ಜಾನ್ಸನ್ ಅವರನ್ನು ಕೇಳುವ ಯುವಕರ ಕೂಗು ಆ ದಿನಗಳಲ್ಲಿ ಸಾಮಾನ್ಯವಾಗಿತ್ತು, ಮತ್ತು ಅದು ಅಧ್ಯಕ್ಷರ ಹೆಣ್ಣುಮಕ್ಕಳ ಕಿವಿಗೂ ಬೀಳುತ್ತಿತ್ತು. ಚರ್ಚಿನಿಂದ ಬರುವಾಗ ಜಾನ್ಸನ್, ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರ ಮನೆಗೆ ಹೋಗಿ ಭಾಷಣದ ಕೊನೆಯ ಭಾಗವನ್ನು ತೋರಿಸಿದರು. ರಾತ್ರಿ 9 ಗಂಟೆಗೆ ಟಿವಿಯಲ್ಲಿ ಮಾತನಾಡುತ್ತಾ ಉತ್ತರ ವಿಯೆಟ್ನಾಂನ ಬಹುಭಾಗದ ಮೇಲೆ ಬಾಂಬ್ ದಾಳಿ ನಿಲ್ಲಿಸುವುದಾಗಿ ಹೇಳಿ, ಕೊನೆಯಲ್ಲಿ, ಮತ್ತೊಂದು ಅವಧಿಗೆ ಪಕ್ಷದ ನಾಮನಿರ್ದೇಶನವನ್ನು ನಾನು ಕೇಳುವುದಿಲ್ಲ, ಕೊಟ್ಟರೂ ಒಪ್ಪುವುದಿಲ್ಲ ಎಂದರು. ಹತ್ತಿರದ ಕೆಲವರನ್ನು ಬಿಟ್ಟರೆ ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ.

ಯುದ್ಧವೊಂದೇ ಕಾರಣವೇ? ಅನಾರೋಗ್ಯವೂ ಇತ್ತಲ್ಲವೇ?

ಇತ್ತು. 1955ರಲ್ಲಿ ಅವರಿಗೆ ತೀವ್ರ ಹೃದಯಾಘಾತವಾಗಿತ್ತು, ತಂದೆ 60ನೇ ವಯಸ್ಸಿನಲ್ಲೇ ತೀರಿಕೊಂಡಿದ್ದರು, ಪತ್ನಿಗೂ ಇನ್ನೊಂದು ಅವಧಿ ಬೇಡವಾಗಿತ್ತು. ನಗರಗಳಲ್ಲಿ ಜನಾಂಗೀಯ ಗಲಭೆಗಳಿಂದಲೂ ಅವರ ಬೆಂಬಲ ಕುಗ್ಗಿತ್ತು. ಆದರೂ ಮಾರ್ಚ್‌ನ ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಒಟ್ಟು ಕೆಲಸವನ್ನು ಮೆಚ್ಚಿದವರು ಶೇ 36, ಯುದ್ಧ ನಿರ್ವಹಣೆಯನ್ನು ಮೆಚ್ಚಿದವರು ಶೇ 26 ಮಾತ್ರ ಎಂಬುದನ್ನು ನೋಡಿದರೆ, ಯಾವ ಭಾರ ಅವರನ್ನು ಹೆಚ್ಚು ಕೆಳಗೆಳೆಯಿತು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಅಧ್ಯಕ್ಷರು ಬದಲಾದ ಮೇಲೆ ಯುದ್ಧ ನಿಂತಿತೇ?

ಇಲ್ಲ. ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಮಾತುಕತೆ ಆರಂಭವಾಯಿತು. ಅಕ್ಟೋಬರ್ 31ರಂದು ಜಾನ್ಸನ್ ಬಾಂಬ್ ದಾಳಿಯನ್ನು ಪೂರ್ತಿ ನಿಲ್ಲಿಸಿದರು. ಆಗ ರಿಪಬ್ಲಿಕನ್ ಅಭ್ಯರ್ಥಿ ರಿಚರ್ಡ್ ನಿಕ್ಸನ್ ಅವರ ಪಾಳಯದಿಂದ, ಮಾತುಕತೆಗೆ ಬರಬೇಡಿ, ಕಾಯಿರಿ ಎಂಬ ಸಂದೇಶ ಸೈಗಾನ್ ಸರ್ಕಾರಕ್ಕೆ ಹೋಯಿತು. ಕದ್ದಾಲಿಕೆಯಿಂದ ಇದು ತಿಳಿದಿದ್ದರೂ ಜಾನ್ಸನ್ ಬಹಿರಂಗಪಡಿಸಲಿಲ್ಲ. ನಿಕ್ಸನ್ ಶೇ 43.4, ಹಂಫ್ರಿ ಶೇ 42.7 ಮತ ಪಡೆದರು. ಒಂದು ಶೇಕಡಾ ಕೂಡ ಇಲ್ಲದ ಅಂತರದಲ್ಲಿ ಡೆಮಾಕ್ರಟಿಕ್ ಪಕ್ಷ ಅಧಿಕಾರ ಕಳೆದುಕೊಂಡಿತು. ಯುದ್ಧದಲ್ಲಿ ಸತ್ತ 58,000ಕ್ಕೂ ಹೆಚ್ಚು ಅಮೆರಿಕನ್ನರಲ್ಲಿ 20,000ಕ್ಕೂ ಹೆಚ್ಚು ಮಂದಿ ಸತ್ತದ್ದು ನಿಕ್ಸನ್ ಕಾಲದಲ್ಲಿ. ವಿಯೆಟ್ನಾಂ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕದಂತೆ ಅಲ್ಲಿ ಸತ್ತ ನಾಗರಿಕರು ಸುಮಾರು 20 ಲಕ್ಷ, ಉತ್ತರದ ಕಡೆಯ ಹೋರಾಟಗಾರರು 11 ಲಕ್ಷ. ಅಮೆರಿಕದ ಮತದಾರರ ಮನಸ್ಸು ಬದಲಾಗಲು ಮೂರು ವರ್ಷ ಹಿಡಿದಾಗ, ಆ ಮೂರು ವರ್ಷದ ಬೆಲೆ ತೆತ್ತವರು ಈ ಜನ.

ಬೇರೆ ಅಧ್ಯಕ್ಷರಿಗೂ ಹೀಗಾಗಿದೆಯೇ?

ಕೊರಿಯಾ ಯುದ್ಧದ ನಡುವೆ ಟ್ರೂಮನ್ ಅವರ ಬೆಂಬಲ 1952ರ ಆರಂಭದಲ್ಲಿ ಶೇ 22ಕ್ಕೆ ಇಳಿದಿತ್ತು. ಅದೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸ್ವಂತ ಪಕ್ಷದ ಸೆನೆಟರ್ ಎಸ್ಟೆಸ್ ಕೆಫಾವರ್ ಎದುರು ಸೋತು, ಮಾರ್ಚ್ 29ರಂದು ಅವರು ಕಣದಿಂದ ಸರಿದರು. ನಿಕ್ಸನ್ ಅವರ ಪತನಕ್ಕೆ ಕಾರಣವಾದ ವಾಟರ್‌ಗೇಟ್ ಹಗರಣದ, ಅಂದರೆ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿದ ಪ್ರಕರಣದ ಬೇರು ಕೂಡ ಈ ಯುದ್ಧದಲ್ಲೇ ಇದೆ: 1971ರಲ್ಲಿ ವಿಯೆಟ್ನಾಂ ಕುರಿತ ರಹಸ್ಯ ಕಡತಗಳು ಪತ್ರಿಕೆಗಳಲ್ಲಿ ಬಂದಾಗ, ಸೋರಿಕೆ ತಡೆಯಲು ಕಟ್ಟಿದ ಗುಂಪಿನವರೇ ಮುಂದೆ ಆ ಕಳ್ಳತನದ ಸಂಚಿನಲ್ಲಿ ಸಿಕ್ಕಿಬಿದ್ದರು.

ಭಾರತಕ್ಕೂ ಕನ್ನಡಿಗರಿಗೂ ಇದರಲ್ಲಿ ಸಂಬಂಧವಿದೆಯೇ?

ಇದೆ. 1965–67ರ ಬರಗಾಲದಲ್ಲಿ ಭಾರತ ಪಿಎಲ್ 480 ಎಂಬ ಆಹಾರ ನೆರವು ಯೋಜನೆಯ ಅಮೆರಿಕನ್ ಗೋಧಿಯನ್ನು ನೆಚ್ಚಿಕೊಂಡಿತ್ತು. ಜಾನ್ಸನ್ ಆ ಹಡಗುಗಳನ್ನು ಒಂದೊಂದಾಗಿ, ತಡಮಾಡಿ ಬಿಡುತ್ತಿದ್ದರು. ನಮ್ಮ ಕೃಷಿನೀತಿ ಬದಲಾಗಬೇಕೆಂಬ ಒತ್ತಡ ಅದಕ್ಕೆ ಒಂದು ಕಾರಣವಾದರೆ, ಬಾಂಬ್ ದಾಳಿಯನ್ನು ಇಂದಿರಾ ಗಾಂಧಿ ಟೀಕಿಸಿದ ಸಿಟ್ಟು ಇನ್ನೊಂದು. ಆದರೆ ಇದೇ ಜಾನ್ಸನ್ 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವತೆಯ ಪ್ರತಿಮೆಯ ಬುಡದಲ್ಲಿ ಸಹಿ ಹಾಕಿದ ವಲಸೆ ಕಾಯ್ದೆ, 1946ರಿಂದ ವರ್ಷಕ್ಕೆ ಕೇವಲ 100 ಭಾರತೀಯರಿಗಿದ್ದ ಮಿತಿಯನ್ನು ತೆಗೆದುಹಾಕಿತು. ಆ ಬಾಗಿಲಿನಿಂದ ಹೋದ ವೈದ್ಯರು, ಎಂಜಿನಿಯರುಗಳೇ ಅಲ್ಲಿನ ಹಳೆಯ ಕನ್ನಡ ಕೂಟಗಳನ್ನು ಕಟ್ಟಿದ ತಲೆಮಾರಿನವರು. ಕಾಯಂ ವಾಸದ ಪರವಾನಗಿ ಪಡೆದ ವಿದೇಶಿ ಯುವಕರೂ ಸೇನಾ ಭರ್ತಿಗೆ ಹೆಸರು ನೋಂದಾಯಿಸಬೇಕಿತ್ತು.

ಜಾನ್ಸನ್ ಮುಂದೆ ಏನಾದರು?

ಟೆಕ್ಸಸ್‌ನಲ್ಲಿ ಪೆಡರ್ನಾಲಿಸ್ ನದಿಯ ದಂಡೆಯ ತಮ್ಮ ತೋಟಕ್ಕೆ ಮರಳಿದರು. 1968ರಲ್ಲಿ ಸ್ಪರ್ಧಿಸಿ ಗೆದ್ದಿದ್ದರೆ ಅವರ ಅವಧಿ ಮುಗಿಯುತ್ತಿದ್ದುದು 1973ರ ಜನವರಿ 20ಕ್ಕೆ. ಜನವರಿ 22ರಂದು, 64ನೇ ವಯಸ್ಸಿನಲ್ಲಿ, ಅದೇ ತೋಟದ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರುದಿನ ರಾತ್ರಿ ನಿಕ್ಸನ್ ವಿಯೆಟ್ನಾಂ ಶಾಂತಿ ಒಪ್ಪಂದವನ್ನು ಪ್ರಕಟಿಸಿದರು. ಪ್ಯಾರಿಸ್‌ನಲ್ಲಿ ಅದಕ್ಕೆ ಸಹಿ ಬಿದ್ದದ್ದು ಜನವರಿ 27ರಂದು, ಜಾನ್ಸನ್ ಅವರನ್ನು ಆ ನದಿಯ ಪಕ್ಕದಲ್ಲಿ ಮಣ್ಣು ಮಾಡಿ ಎರಡು ದಿನಗಳಾಗಿದ್ದವು.